ಗಿರಿಯ ಹಳದಿ ಹೂ: ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು?

ಪಶ್ಚಿಮ ಘಟ್ಟದಲ್ಲಿ ಈಗ ಕಳೆ ಕೀಳುವ ಮಾತು ಜೋರಾಗಿದೆ. ಅದಕ್ಕೆ ಕಾರಣವೂ ಇದೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಮರ ವಯನಾಡು, ಮುದುಮಲೆ, ಬಂಡೀಪುರದ ಕಾಡುಗಳಿಗೆ ನುಗ್ಗಿದೆ. ಅದು ಹೂ ಬಿಟ್ಟಾಗ ಕಾಡಿನ ಅಂಚೆಲ್ಲ ಹಳದಿ. ತಮಿಳುನಾಡು 2022ರಲ್ಲಿ ಪರದೇಶಿ ಕಳೆಗಳ ಬಗ್ಗೆ ಒಂದು ನೀತಿಯನ್ನೇ ತಂದಿತು. ಕಡಿದ ಸೆನ್ನಾ ಮರವನ್ನು ಅಲ್ಲಿನ ಸರ್ಕಾರಿ ಕಾಗದ ಕಾರ್ಖಾನೆಗೆ ಸಾಗಿಸುವ ಕೆಲಸವೂ ಶುರುವಾಯಿತು. ಇನ್ನೂ ಮೇಲೆ ಹೋದರೆ, ಊಟಿಯ ಸುತ್ತಲಿನ ಹುಲ್ಲುಗಾವಲಿನಲ್ಲಿ ಆಸ್ಟ್ರೇಲಿಯಾದ ವಾಟಲ್ ಮರ, ಯುರೋಪಿನ ಸ್ಕಾಚ್ ಬ್ರೂಮ್ ಮತ್ತು ಗೋರ್ಸ್ ಪೊದೆಗಳು ಜಾಗ ಹಿಡಿದು ಕೂತಿವೆ. ಇವುಗಳ ಹೂವೂ ಹಳದಿಯೇ.

ಇಷ್ಟು ಕೇಳಿಸಿಕೊಂಡವರಿಗೆ ಬೆಟ್ಟದ ಮೇಲೆ ಹಳದಿ ಹೂ ಕಂಡರೆ ‘ಇದೂ ಕಳೆಯೇ ಇರಬೇಕು’ ಅನ್ನಿಸುವುದು ಸಹಜ. ತೊಂದರೆ ಏನೆಂದರೆ, ಇದೇ ಎತ್ತರದಲ್ಲಿ, ಇದೇ ಇಳಿಜಾರಿನಲ್ಲಿ, ಅಪ್ಪಟ ನಮ್ಮದೇ ಆದ ಒಂದು ಹಳದಿ ಹೂವಿನ ಪೊದೆ ಇದೆ. ಕುರಿಂಜಿಯ ಹಾಗೆ ಅದು 12 ವರ್ಷಕ್ಕೊಮ್ಮೆ ಹೂ ಬಿಟ್ಟು ಸುದ್ದಿಯಾಗುವುದಿಲ್ಲ. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಗಿರಿಶ್ರೇಣಿಯಲ್ಲಿ ಕುರಿಂಜಿ ಅರಳಿದಾಗ ನೋಡಲು ಜನ ಮುಗಿಬಿದ್ದರು. ಪ್ರತಿ ವರ್ಷ ಅರಳುವ ಈ ಹಳದಿ ಪೊದೆಯ ಮುಂದೆ ಫೋಟೊ ತೆಗೆಸಿಕೊಂಡವರಿಗೂ ಅದರ ಹೆಸರು ಗೊತ್ತಿರುವುದು ಅನುಮಾನ.

ಹೆಸರು ಹೈಪೆರಿಕಂ ಮೈಸೂರೆನ್ಸೆ. ರಾಬರ್ಟ್ ವೈಟ್ ಮತ್ತು ಜಾರ್ಜ್ ವಾಕರ್ ಆರ್ನಾಟ್ ಎಂಬ ಸಸ್ಯಶಾಸ್ತ್ರಜ್ಞರು 1834ರಲ್ಲಿ ಈ ಹೆಸರಿನಲ್ಲಿ ಅದನ್ನು ದಾಖಲಿಸಿದರು. ಹೈಪೆರಿಕಂ ಕುಲದಲ್ಲಿ ಪ್ರಪಂಚದಾದ್ಯಂತ ಸುಮಾರು 500 ಜಾತಿಗಳಿವೆ. ಈ ಒಂದು ಜಾತಿ ಮಾತ್ರ ದಕ್ಷಿಣ ಭಾರತದ ಎತ್ತರದ ಬೆಟ್ಟಗಳಲ್ಲಿ ಮತ್ತು ಶ್ರೀಲಂಕಾದ ಬೆಟ್ಟನಾಡಿನಲ್ಲಿ ಬಿಟ್ಟರೆ ಬೇರೆಲ್ಲೂ ಕಾಡುಗಿಡವಾಗಿ ಬೆಳೆಯುವುದಿಲ್ಲ. ನಮ್ಮ ರಾಜ್ಯದ ಮಟ್ಟಿಗೆ ಅದರ ಮುಖ್ಯ ನೆಲೆ ಇದೇ ಚಂದ್ರದ್ರೋಣ ಶ್ರೇಣಿಯ ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿಯಂಥ ಎತ್ತರದ ಗುಡ್ಡಗಳ ನೆತ್ತಿ.

ಹೂ ನೋಡಿ ನಂಬಬೇಡಿ

ಹತ್ತಿರ ಹೋಗಿ ನೋಡಿದರೆ ಈ ಹೂ ನಿಜಕ್ಕೂ ಸೊಗಸು. ಅಂಗೈಯ ಅರ್ಧದಷ್ಟು ಅಗಲ, ಬಂಗಾರದ ಹಳದಿ, 5 ದಳ. ದಳಗಳ ಎರಡು ಬದಿ ಸಮ ಇರುವುದಿಲ್ಲ. ಎಲ್ಲವೂ ಒಂದೇ ಕಡೆಗೆ ವಾಲಿಕೊಂಡು ಮಕ್ಕಳ ಕೈಯ ಗಿರಗಿಟ್ಟಲೆಯಂತೆ ಕಾಣುತ್ತವೆ. ನಡುವೆ ತುಂಬಾ ಕೇಸರಗಳು, ಎಲ್ಲವೂ ಸಣ್ಣ ಕೂದಲಿನಷ್ಟು ತೆಳು. ಸುಮ್ನೆ ನೋಡಿದರೆ ಗೊಂಚಲಾಗಿ ಕಾಣುತ್ತವೆ. ಸ್ವಲ್ಪ ಬಿಡಿಸಿ ನೋಡಿದರೆ ಬುಡದಲ್ಲಿ ಅವು 5 ಕಟ್ಟುಗಳಾಗಿ ಕೂಡಿಕೊಂಡಿರುವುದು ಗೊತ್ತಾಗುತ್ತದೆ. ಜೇನುನೊಣಗಳು ಇದಕ್ಕೆ ಬರುವುದು ಮುಖ್ಯವಾಗಿ ಪರಾಗಕ್ಕೆ.

ಆದರೆ ಹೂವಿನ ಮೇಲೆ ಮಾತ್ರ ನಂಬಿಕೆ ಇಟ್ಟರೆ ಕೆಲಸ ಕೆಡುತ್ತದೆ. ಕಳೆ ಕಡಿಯುವವರು ಬರುವ ಹೊತ್ತಿಗೆ ಗಿಡದಲ್ಲಿ ಹೂ ಇರಲೇಬೇಕು ಅಂತೇನಿಲ್ಲ. ಹಾಗಾಗಿ ಗುರುತು ಹಿಡಿಯುವ ಅಭ್ಯಾಸ ಎಲೆ ಮತ್ತು ರೆಂಬೆಯಿಂದ ಶುರುವಾಗಬೇಕು.

ಎಳೆಯ ರೆಂಬೆಯೊಂದನ್ನು ಕೀಳದೆ, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಸವರಿ. ದುಂಡಗಿರುವುದಿಲ್ಲ. ನಾಲ್ಕು ಏಣು ಕೈಗೆ ತಗಲುತ್ತವೆ. ಎಲೆಗಳು ಜೋಡಿ ಜೋಡಿಯಾಗಿ, ಎದುರುಬದುರು ಕೂತಿರುತ್ತವೆ. ತೊಟ್ಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಂದು ಜೋಡಿ ಪೂರ್ವ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಅದರ ಮೇಲಿನ ಜೋಡಿ ಉತ್ತರ ದಕ್ಷಿಣಕ್ಕೆ. ಎಲೆ ಸ್ವಲ್ಪ ದಪ್ಪ. ಎಲೆಯನ್ನು ಬಿಸಿಲಿಗೆ ಎದುರಾಗಿ ಹಿಡಿದು ನೋಡಿದರೆ ಒಳಗೆ ಸೂಜಿಮೊನೆಯಷ್ಟು ಸಣ್ಣ ಚುಕ್ಕಿಗಳು ಬೆಳಕು ಬಿಡುತ್ತವೆ. ಅವು ಎಣ್ಣೆ ತುಂಬಿದ ಗ್ರಂಥಿಗಳು, ಹೈಪೆರಿಕಂ ಮನೆತನದ ಗುರುತು. ಎದುರುಬದುರು ಎಲೆ, ಚೂರುಗಳಾಗಿ ಒಡೆಯದ ಇಡೀ ಎಲೆ, ಬೆಳಕಿನ ಚುಕ್ಕಿ, ನಾಲ್ಕು ಏಣಿನ ರೆಂಬೆ. ಇಷ್ಟೂ ಸೇರಿದರೆ ನೀವು ನೋಡುತ್ತಿರುವುದು ಬ್ರೂಮ್ ಅಲ್ಲ, ಗೋರ್ಸ್ ಅಲ್ಲ, ಸೆನ್ನಾ ಖಂಡಿತ ಅಲ್ಲ.

ರೆಂಬೆಯ ಏಣು ಒಂದನ್ನೇ ನೋಡಿ ತೀರ್ಮಾನಕ್ಕೆ ಬರುವುದೂ ತಪ್ಪು. ಸ್ಕಾಚ್ ಬ್ರೂಮ್‌ನ ಹಸಿರು ಕಡ್ಡಿಗೂ ಏಣುಗಳಿವೆ, ಅಲ್ಲಿ 5. ಆದರೆ ಬ್ರೂಮ್‌ನ ಎಲೆ ತೀರಾ ಸಣ್ಣದು, ಮೂರು ಮೂರಾಗಿ ಕೂಡಿದ್ದು, ಎಷ್ಟೋ ಸಲ ಉದುರಿಹೋಗಿ ಬರೀ ಹಸಿರು ಕಡ್ಡಿಗಳೇ ನಿಂತಿರುತ್ತವೆ. ಹೂ ಅವರೆ ಹೂವಿನ ಆಕಾರದ್ದು. ಕಾಯಿ ಒಣಗಿದಾಗ ಪಟ್ಟನೆ ಒಡೆದು ಬೀಜ ಸಿಡಿಸುತ್ತದೆ. ಗೋರ್ಸ್‌ನಲ್ಲಿ ಎಲೆಯೇ ಮುಳ್ಳಾಗಿರುತ್ತದೆ, ಕೈ ಇಟ್ಟವರಿಗೆ ಮತ್ತೆ ಹೇಳಬೇಕಾಗಿಲ್ಲ. ಅದರ ಹೂವಿಗೆ ತೆಂಗಿನಕಾಯಿಯ ಘಮ ಇದೆ. ವಾಟಲ್ ಮರದ ಎಲೆ ನೆಲ್ಲಿ ಎಲೆಗಿಂತಲೂ ಸಣ್ಣ ಸಣ್ಣ ಚೂರುಗಳ ಗರಿ. ಹೂ ಮಾಸಲು ಹಳದಿಯ ಪುಟ್ಟ ಉಂಡೆ.

ಅವರೆ ಹೂವಿನ ಆಕಾರದ ಹಳದಿಯೆಲ್ಲ ಪರದೇಶಿ ಎಂದುಕೊಂಡರೆ ಇನ್ನೊಂದು ಎಡವಟ್ಟು. ನಮ್ಮ ಹುಲ್ಲುಗಾವಲುಗಳಲ್ಲಿ ಕ್ರೊಟಲೇರಿಯಾ ಕುಲದ ಹಲವು ಗಿಡಗಳಿವೆ. ಅವು ಇಲ್ಲಿಯವೇ. ಉಬ್ಬಿದ ಕಾಯಿ ಒಣಗಿದ ಮೇಲೆ ಅಲ್ಲಾಡಿಸಿದರೆ ಒಳಗಿನ ಬೀಜ ಗಿಲಿಗಿಲಿ ಎನ್ನುತ್ತದೆ. ಬ್ರೂಮ್ ಕೀಳುವ ಹುರುಪಿನಲ್ಲಿ ಮೊದಲು ಬಲಿಯಾಗಬಹುದಾದವು ಇವು. ಬಯಲುಸೀಮೆಯವರಿಗೆ ಗೊತ್ತಿರುವ ತಂಗಡಿ ಹೂ ಕೂಡ ಹಳದಿ, ಅದೂ ನಮ್ಮದೇ, ಅದರದು ಒಣನೆಲ. ಮಲೆನಾಡಿನ ರಸ್ತೆ ಬದಿಯಲ್ಲಿ ಆಳೆತ್ತರ ಬೆಳೆದು ಸೂರ್ಯಕಾಂತಿಯಂಥ ಹೂ ಬಿಡುವ ಟಿಥೋನಿಯಾ ಮಾತ್ರ ಮೆಕ್ಸಿಕೊ ಕಡೆಯಿಂದ ಬಂದದ್ದು.

ಹೈಪೆರಿಕಂ ಒಳಗೇ ಇನ್ನೊಂದು ತೊಡಕಿದೆ. ನೀಲಗಿರಿ ಬೆಟ್ಟಗಳಲ್ಲಿ ಹೈಪೆರಿಕಂ ಹೂಕೆರಿಯಾನಂ ಎಂಬ ಸೋದರ ಜಾತಿ ಇದೆ. ಹಿಮಾಲಯದಲ್ಲೂ ಸಿಗುತ್ತದೆ. ದೂರದಿಂದ ಎರಡೂ ಒಂದೇ. ಅದರ ರೆಂಬೆ ದುಂಡಗಿರುತ್ತದೆ, ಕೇಸರಗಳು ದಳಕ್ಕಿಂತ ಎಷ್ಟೋ ಗಿಡ್ಡ, ಹೂವಿನ ನಡುವೆ ದಟ್ಟ ಉಂಗುರದಂತೆ ನಿಲ್ಲುತ್ತವೆ. ಜವುಗು ನೆಲದ ಹುಲ್ಲಿನ ನಡುವೆ ಬೆರಳುದ್ದ ಬೆಳೆದು ಚಿಕ್ಕ ಹಳದಿ ಹೂ ಬಿಡುವ ಹೈಪೆರಿಕಂ ಜಪೋನಿಕಂ ಇನ್ನೊಂದು. ಅದು ಪೊದೆಯೇ ಅಲ್ಲ. ಇದರ ಜತೆಗೆ ನರ್ಸರಿಯಲ್ಲಿ ಸಿಗುವ ಉದ್ಯಾನದ ತಳಿಗಳೂ ಇವೆ, ನೋಡಲು ಹೆಚ್ಚುಕಡಿಮೆ ಇದೇ ರೂಪ. ರೆಸಾರ್ಟಿನ ಅಂಗಳದಲ್ಲಿ ಕಂಡ ಗಿಡವನ್ನು ‘ಗಿರಿಯ ಕಾಡುಗಿಡ’ ಎಂದು ದಾಖಲಿಸುವ ಮುಂಚೆ ಎರಡು ಸಲ ಯೋಚಿಸಬೇಕು.

ಮೊಬೈಲಿನಲ್ಲಿ ಹೂವಿನ ಒಂದೇ ಫೋಟೊ ತೆಗೆದು ಆ್ಯಪ್‌ಗೆ ಹಾಕುವವರು ಜಾಸ್ತಿ. ಇಂಥ ಗಿಡಕ್ಕೆ ಅದು ಸಾಲದು. ಹೂ ಎದುರಿನಿಂದ, ಹೂ ಹಿಂಬದಿಯಿಂದ, ರೆಂಬೆಯ ಏಣು ಕಾಣುವಂತೆ ಹತ್ತಿರದಿಂದ, ಎಲೆ ಬೆಳಕಿಗೆ ಹಿಡಿದು, ಕೊನೆಗೆ ಇಡೀ ಪೊದೆ ಅದರ ಸುತ್ತಲಿನ ನೆಲದ ಸಮೇತ. ಇಷ್ಟು ಫೋಟೊ ಇದ್ದರೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲೋ ಐನ್ಯಾಚುರಲಿಸ್ಟ್‌ನಲ್ಲೋ ತಿಳಿದವರು ಜಾತಿ ಹೇಳಲು ಸಾಧ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ ಕರ್ನಾಟಕದ ಒಣಗಿಸಿಟ್ಟ ಸಸ್ಯ ಮಾದರಿಗಳನ್ನು ಆನ್‌ಲೈನಿನಲ್ಲೇ ನೋಡಲು ಇಟ್ಟಿದೆ. ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಗಿಡ ಕಿತ್ತು ಮನೆಗೆ ತರುವ ಅಗತ್ಯವಂತೂ ಯಾರಿಗೂ ಇಲ್ಲ.

ಅಪಾಯ ಎಲ್ಲಿಂದ?

ನಿಜ ಹೇಳಬೇಕೆಂದರೆ, ಇದು ‘ಇನ್ನು ನಾಲ್ಕೇ ಗಿಡ ಉಳಿದಿವೆ’ ಎಂಬಂಥ ಕಥೆಯಲ್ಲ. ತನ್ನ ಜಾಗದಲ್ಲಿ ಈ ಪೊದೆ ಚೆನ್ನಾಗಿಯೇ ಬೆಳೆಯುತ್ತದೆ. ಸಮಸ್ಯೆ ಜಾಗದ್ದು. ಎತ್ತರದ ಗುಡ್ಡದ ನೆತ್ತಿಯ ಹುಲ್ಲುಗಾವಲು, ಬೆಟ್ಟದ ಮಡಿಲಿನ ಶೋಲಾ ಎಂಬ ತಂಪು ಕಾಡಿನ ಅಂಚು, ಬಂಡೆಗಳ ಸಂದು, ತೊರೆಯ ದಂಡೆ. ಇಂಥ ನೆಲ ಒಟ್ಟಿಗೆ ಹರಡಿಕೊಂಡಿಲ್ಲ. ಚಂದ್ರದ್ರೋಣ ಶ್ರೇಣಿಯ ನೆತ್ತಿ ಒಂದು ದ್ವೀಪ, ಕುದುರೆಮುಖ ಇನ್ನೊಂದು, ನೀಲಗಿರಿ ದೂರದ ಮತ್ತೊಂದು. ನಡುವೆ ಕಾಫಿ ತೋಟ, ಊರು, ಬಯಲು. ಈ ಗಿಡದ ಹಣ್ಣನ್ನು ಹಕ್ಕಿ ತಿಂದು ಇನ್ನೊಂದು ಬೆಟ್ಟಕ್ಕೆ ಒಯ್ಯುತ್ತದೆ ಅನ್ನುವಂತಿಲ್ಲ. ಇದರದು ಒಣಗಿ ಬಿರಿಯುವ ಕಾಯಿ, ಒಳಗೆ ಪುಡಿಯಂಥ ಬೀಜ. ಒಂದು ನೆತ್ತಿಯಲ್ಲಿ ಹೋದರೆ ಪಕ್ಕದ ನೆತ್ತಿಯಿಂದ ತಾನಾಗಿ ಬಂದು ತುಂಬಿಕೊಳ್ಳುವುದು ಬಹಳ ಕಷ್ಟ.

ಎತ್ತರದ ಲೆಕ್ಕವನ್ನೂ ನೋಡಿ. ನೀಲಗಿರಿಯ ದೊಡ್ಡಬೆಟ್ಟ 2,637 ಮೀಟರ್. ಕರ್ನಾಟಕದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರಿನ ಆಸುಪಾಸು. ಹವೆ ಬಿಸಿಯಾದಂತೆ ತಂಪು ಬೇಡುವ ಗಿಡಗಳು ಮೇಲೆ ಮೇಲೆ ಸರಿಯುತ್ತವೆ ಎಂಬುದು ಪ್ರಪಂಚದ ಹಲವು ಬೆಟ್ಟಗಳಲ್ಲಿ ಕಂಡ ಸಂಗತಿ. ನೀಲಗಿರಿಯ ಗಿಡಕ್ಕೆ ಹತ್ತಲು ಇನ್ನೂ ಮೆಟ್ಟಿಲುಗಳಿವೆ. ನಮ್ಮ ಗಿರಿಯ ಗಿಡ ಈಗಾಗಲೇ ಕೊನೆಯ ಮೆಟ್ಟಿಲಲ್ಲಿದೆ. ಅಂದ ಮೇಲೆ ಇಲ್ಲಿ ಒಂದೊಂದು ಎಕರೆ ಹುಲ್ಲುಗಾವಲಿಗೂ ಬೆಲೆ ಜಾಸ್ತಿ.

ಹೀಗಿದ್ದೂ ಹುಲ್ಲುಗಾವಲು ನಮ್ಮ ಕಣ್ಣಿಗೆ ‘ಖಾಲಿ ಜಾಗ’. ಮರ ಇಲ್ಲದ ನೆಲ ಎಂದರೆ ಹಾಳು ನೆಲ ಎಂಬ ಎಣಿಕೆ ಬ್ರಿಟಿಷರ ಕಾಲದ್ದು. 19ನೇ ಶತಮಾನದಲ್ಲಿ ನೀಲಗಿರಿಯ ಹುಲ್ಲು ಬೆಟ್ಟಗಳಿಗೆ ಸೌದೆಗೆಂದು ಆಸ್ಟ್ರೇಲಿಯಾದ ಮರಗಳು ಬಂದವು. ಆಮೇಲೆ ತೊಗಲು ಹದ ಮಾಡುವ ಚಕ್ಕೆಗಾಗಿ ವಾಟಲ್ ಬೆಳೆಸಿದರು. ಸ್ವಾತಂತ್ರ್ಯದ ನಂತರವೂ ಅದೇ ನಡೆಯಿತು, ಇನ್ನೂ ದೊಡ್ಡ ಮಟ್ಟದಲ್ಲಿ. ತಮಿಳುನಾಡಿನ ಪಳನಿ ಬೆಟ್ಟಗಳನ್ನು ಉಪಗ್ರಹ ಚಿತ್ರಗಳಲ್ಲಿ ಅಳೆದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ನಾಲ್ಕು ದಶಕಗಳಲ್ಲಿ ಅಲ್ಲಿನ ಎತ್ತರದ ಹುಲ್ಲುಗಾವಲಿನ ಮೂರನೇ ಎರಡು ಭಾಗ ಹೋಗಿದೆ. ಅದನ್ನು ನುಂಗಿದ್ದು ನೆಡುತೋಪು ಮತ್ತು ಬೇಸಾಯ. ಕೊಡಲಿ ಹಿಡಿದ ಕಳ್ಳಸಾಗಣೆದಾರ ಈ ಕಥೆಯಲ್ಲಿ ಇಲ್ಲವೇ ಇಲ್ಲ.

ಕರ್ನಾಟಕದ ಕಥೆ ಅಷ್ಟು ಕೆಟ್ಟಿಲ್ಲ, ಆದರೆ ಬೇರೆಯೂ ಅಲ್ಲ. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಬ್ಬಿಣದ ಅದಿರಿನ ಗಣಿ ನಿಂತದ್ದು ಮಾತ್ರ ಸುಪ್ರೀಂ ಕೋರ್ಟ್ ಆದೇಶದ ಮೇಲೆ, 2005ರ ಕೊನೆಗೆ. ಗಣಿಯ ಸುತ್ತ ‘ಹಸಿರು’ ಮಾಡಲು ನೆಟ್ಟದ್ದರಲ್ಲಿ ಅಕೇಶಿಯಾ ಕೂಡ ಇತ್ತು. ರಾಜ್ಯ ಸರ್ಕಾರ 2017ರಲ್ಲಿ ನೀಲಗಿರಿ ಮರ ಮತ್ತು ಅಕೇಶಿಯಾ ಸಸಿ ಹೊಸದಾಗಿ ಬೆಳೆಸುವುದನ್ನು ನಿಷೇಧಿಸಿತು. ಒಳ್ಳೆಯ ಹೆಜ್ಜೆ. ಆದರೆ ಹುಲ್ಲುಗಾವಲಿಗೆ ಅಕೇಶಿಯಾ ಎಷ್ಟು ಪರಕೀಯವೋ ನೇರಳೆ, ಹೊಂಗೆಯೂ ಅಷ್ಟೇ ಪರಕೀಯ. ಮರ ನಮ್ಮ ನಾಡಿನದೇ ಎಂದ ಮಾತ್ರಕ್ಕೆ ಆ ಜಾಗ ಅದರದ್ದಾಗುವುದಿಲ್ಲ. 1950ರಲ್ಲಿ ಶುರುವಾದ ವನಮಹೋತ್ಸವದ ಉತ್ಸಾಹ ಈಗ ಬೀಜದುಂಡೆಯ ರೂಪ ತಾಳಿದೆ. ಮಳೆಗಾಲ ಬಂತೆಂದರೆ ಶಾಲಾ ಮಕ್ಕಳು, ಚಾರಣದ ಗುಂಪುಗಳು ಬೀಜದುಂಡೆ ಹಿಡಿದು ಗುಡ್ಡಕ್ಕೆ ಹೊರಡುತ್ತಾರೆ. ಬೋಳಾದ ಕಾಡಿನಲ್ಲಿ ಅದು ಸರಿಯೋ ತಪ್ಪೋ ಬೇರೆ ಚರ್ಚೆ. ಗಿರಿಯ ನೆತ್ತಿಯ ಹುಲ್ಲಿನಲ್ಲಿ ಅದು ಖಂಡಿತ ಬೇಡ. ಮೊಳೆಯದಿದ್ದರೆ ನಷ್ಟ ಬೀಜಕ್ಕೆ. ಮೊಳೆತರೆ ನಷ್ಟ ಹುಲ್ಲಿಗೆ, ಅದನ್ನು ನಂಬಿದ ಹೈಪೆರಿಕಂಗೆ, ಕುರಿಂಜಿಗೆ.

ನೀರಿನ ಮಾತೂ ಇದರಲ್ಲೇ ಸೇರಿದೆ. ತುಂಗೆ, ಭದ್ರೆ ಹುಟ್ಟುವುದು ಕುದುರೆಮುಖದ ಹತ್ತಿರದ ಗಂಗಾಮೂಲದಲ್ಲಿ, ವೇದಾವತಿಯ ಮೂಲ ಬಾಬಾಬುಡನ್‌ಗಿರಿಯಲ್ಲಿ. ವಾಟಲ್‌ನಂಥ ಮರ ಹುಲ್ಲಿಗಿಂತ ಹೆಚ್ಚು ನೀರು ಹೀರುತ್ತದೆ ಎಂಬುದು ದಕ್ಷಿಣ ಆಫ್ರಿಕಾದವರಿಗೆ ಎಂದೋ ಮನವರಿಕೆಯಾಗಿದೆ. 1995ರಿಂದ ಅಲ್ಲಿನ ಸರ್ಕಾರ ಹೊಳೆಗಳಿಗೆ ನೀರು ಉಳಿಸಲೆಂದೇ ಇಂಥ ಮರಗಳನ್ನು ಕೂಲಿ ಕೊಟ್ಟು ಕಡಿಸುತ್ತಿದೆ.

ಇದರ ಮೇಲೆ ಪ್ರವಾಸ. ವಾರದ ಕೊನೆಯಲ್ಲಿ ಮುಳ್ಳಯ್ಯನಗಿರಿಯ ರಸ್ತೆ ನೋಡಿದವರಿಗೆ ವಿವರ ಬೇಕಿಲ್ಲ. ಜಿಲ್ಲಾಡಳಿತ ವಾಹನಗಳಿಗೆ ಮಿತಿ ಹಾಕಿ ಆನ್‌ಲೈನ್ ಬುಕಿಂಗ್ ತರಬೇಕಾಯಿತು. ಜನ ಹೂ ಕೀಳುವುದು ದೊಡ್ಡ ಹಾನಿ ಎಂದು ನನಗೆ ಅನ್ನಿಸುವುದಿಲ್ಲ. ರಸ್ತೆ ಅಗಲ ಮಾಡಲು, ಪಾರ್ಕಿಂಗ್‌ಗೆ ಜಾಗ ಮಾಡಲು ಜೆಸಿಬಿ ಇಳಿಜಾರನ್ನು ಕೊರೆಯುತ್ತದಲ್ಲ, ಹಾನಿ ಅದರಿಂದ. ಈ ಪೊದೆಗೆ ಇಷ್ಟವಾದ ಜಾಗವೂ ಅದೇ ದರೆಯ ಅಂಚು. ಕೊರೆದ ಹಸಿ ಮಣ್ಣಿಗೆ ಮೊದಲು ಬಂದು ಕೂರುವವು ಟಿಥೋನಿಯಾ, ಲಂಟಾನದಂಥವು.

ಔಷಧಿಯ ಆಸೆ

ಇನ್ನೊಂದು ಕಡೆಯಿಂದ ಬರಬಹುದಾದ ಒತ್ತಡದ ಬಗ್ಗೆ ಎಚ್ಚರ ಬೇಕು. ಯುರೋಪಿನ ಹೈಪೆರಿಕಂ ಪರ್ಫೊರೇಟಂ, ಅಂದರೆ ಸೇಂಟ್ ಜಾನ್ಸ್ ವರ್ಟ್, ಖಿನ್ನತೆಗೆ ಮದ್ದು ಎಂದು ಅಲ್ಲಿ ಅಂಗಡಿಗಳಲ್ಲಿ ಮಾರಾಟವಾಗುತ್ತದೆ. ‘ನಮ್ಮ ಬೆಟ್ಟದಲ್ಲೂ ಅದೇ ಗಿಡ ಇದೆ’ ಎಂದು ಯಾರಾದರೂ ವಿಡಿಯೊ ಮಾಡಿಬಿಟ್ಟರೆ ಚೀಲ ಹಿಡಿದು ಹೋಗುವವರಿಗೆ ಬರವಿಲ್ಲ. ಅದೇ ಗಿಡ ಅಲ್ಲ. ಯುರೋಪಿನ ಗಿಡದ ದಳದ ಅಂಚಿನಲ್ಲಿ ಕಪ್ಪು ಚುಕ್ಕಿಗಳಿವೆ, ಹೈಪೆರಿಸಿನ್ ಎಂಬ ಕೆಂಪು ವಸ್ತು ತುಂಬಿರುವುದು ಅಲ್ಲಿ. ನಮ್ಮ ಪೊದೆಯಲ್ಲಿ ಆ ಕಪ್ಪು ಚುಕ್ಕಿಗಳೇ ಇಲ್ಲ. ಇನ್ನು ಆ ಯುರೋಪಿನ ಗಿಡದ ಮದ್ದು ಕೂಡ ಮನಸ್ಸಿಗೆ ಬಂದಂತೆ ನುಂಗುವಂಥದ್ದಲ್ಲ. ರಕ್ತ ಹೆಪ್ಪುಗಟ್ಟದಿರಲು ಕೊಡುವ ವಾರ್ಫರಿನ್, ಗರ್ಭನಿರೋಧಕ ಮಾತ್ರೆ, ಅಂಗಾಂಗ ಕಸಿಯಾದವರ ಸೈಕ್ಲೊಸ್ಪೋರಿನ್, ಇವುಗಳ ಕೆಲಸವನ್ನೇ ಅದು ಕೆಡಿಸುತ್ತದೆ. ಅಂದಹಾಗೆ, ಯುರೋಪಿನಲ್ಲಿ ಮನೆಮಗಳಾದ ಆ ಗಿಡ ಅಮೆರಿಕದ ಪಶ್ಚಿಮ ಭಾಗಕ್ಕೆ ಹೋಗಿ ಭಯಂಕರ ಕಳೆಯಾಯಿತು. 1940ರ ದಶಕದಲ್ಲಿ ಕ್ಯಾಲಿಫೋರ್ನಿಯಾದವರು ಅದನ್ನು ತಿನ್ನುವ ದುಂಬಿಗಳನ್ನು ತರಿಸಿ ಬಿಡಬೇಕಾಯಿತು.

ಕಾನೂನು ಈ ಪೊದೆಯನ್ನು ಕಾಪಾಡುತ್ತದೆಯೇ? ನೇರವಾಗಿ ಹೆಚ್ಚೇನೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಸಸ್ಯಗಳಿಗೆ ಜಾಗ ಸಿಕ್ಕಿದ್ದೇ 1991ರ ತಿದ್ದುಪಡಿಯಲ್ಲಿ. ಆಗ ಪಟ್ಟಿಯಲ್ಲಿ ಇದ್ದದ್ದು ಬರೀ 6 ಹೆಸರು. 2022ರ ತಿದ್ದುಪಡಿಯಲ್ಲಿ ಪಟ್ಟಿ ಬೆಳೆಯಿತು. ಆದರೂ ಅಪರೂಪದ, ವ್ಯಾಪಾರಕ್ಕೆ ಸಿಕ್ಕಿಬಿದ್ದ ಗಿಡಗಳಿಗೆ ಮಾಡಿದ ಪಟ್ಟಿ ಅದು. ‘ಒಂದೇ ಬಗೆಯ ನೆಲದಲ್ಲಿ ಧಾರಾಳವಾಗಿ ಇರುವ, ಆ ನೆಲ ಹೋದರೆ ಒಮ್ಮೆಗೇ ಹೋಗುವ’ ಗಿಡಕ್ಕೆ ಅಂಥ ಪಟ್ಟಿಯಿಂದ ಲಾಭ ಕಡಿಮೆ. ನೆಲವನ್ನು ಕಾಯುವ ಏರ್ಪಾಡೇ ಬೇಕು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಅದರಲ್ಲಿ ಕರ್ನಾಟಕದ 10 ಇವೆ, ಕುದುರೆಮುಖವೂ ಇದೆ. ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಇಲ್ಲ.

ಉಳಿಯುವುದು ಊರ ಮಟ್ಟದ ದಾರಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ಗಡುವು ಬಂತೆಂದು ಕಚೇರಿಯಲ್ಲಿ ಕೂತು ತುಂಬಿಸಿದ ದಾಖಲಾತಿಯಿಂದ ಏನೂ ಆಗುವುದಿಲ್ಲ. ದನ ಕಾಯಲು ಗಿರಿಯ ಮೇಲೆ ಹೋಗುವವರನ್ನು, ತೋಟದ ಆಳುಗಳನ್ನು, ಅರಣ್ಯ ಇಲಾಖೆಯ ವಾಚರುಗಳನ್ನು ಜತೆಗೆ ಕರೆದುಕೊಂಡು ಗಿಡದ ಮುಂದೆ ನಿಂತು ಬರೆದರೆ ಮಾತ್ರ ಅದಕ್ಕೆ ಅರ್ಥ. ಯಾವ ಗುಡ್ಡದ ಯಾವ ಮಗ್ಗುಲಲ್ಲಿ ಎಷ್ಟು ಪೊದೆ ಇವೆ ಎಂದು ಅದರಲ್ಲಿದ್ದರೆ, ನಾಳೆ ರಸ್ತೆ ಅಗಲ ಮಾಡುವ ಪ್ರಸ್ತಾಪ ಬಂದಾಗ ಮೇಜಿನ ಮೇಲಿಡಲು ಒಂದು ಕಾಗದವಾದರೂ ಇರುತ್ತದೆ.

ಊಟಿಯಿಂದ ಸಸಿ ತಂದು ಗಿರಿಯಲ್ಲಿ ನೆಡೋಣ ಎಂಬ ಸಲಹೆಗೆ ಮಾತ್ರ ಬೇಡ ಎನ್ನಬೇಕು. ದೂರದ ಬೆಟ್ಟದ ಗಿಡ ಇಲ್ಲಿನ ಗಿಡದ ಜತೆ ಬೆರೆತರೆ ಇಲ್ಲಿನ ಗಾಳಿ, ಮಳೆಗೆ ಒಗ್ಗಿದ ಗುಣ ಕಲಸಿಹೋಗಬಹುದು. ಸಸಿಯ ಮಣ್ಣಿನ ಜತೆ ಬ್ರೂಮ್ ಬೀಜ ಬಂದರೆ ಕೇಳುವುದೇ ಬೇಡ. ಆ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದುಕೊಂಡು ಕೂರುತ್ತದೆ. ಬೆಂಕಿ ಬಿದ್ದರೆ ಇನ್ನೂ ಹುರುಪಿನಿಂದ ಮೊಳೆಯುತ್ತದೆ. ಜರುಗಿದ ದರೆಯಲ್ಲಿ ಗಿಡ ಬೇಕೇಬೇಕು ಎಂದಾದರೆ ಅದೇ ಗುಡ್ಡದ ಕಾಯಿಯಿಂದ ಬೀಜ ತೆಗೆದು ಅಲ್ಲೇ ಹತ್ತಿರ ಸಸಿ ಮಾಡಿಕೊಳ್ಳಬೇಕು.

ಕಳೆ ತೆಗೆಯುವ ಕೆಲಸ ಎಲ್ಲೇ ನಡೆದರೂ ಟೆಂಡರ್‌ನಲ್ಲಿ ಒಂದು ಸಾಲು ಜಾಸ್ತಿ ಬರೆಯಬಹುದು. ಹೂವಿನ ಕಾಲದಲ್ಲೇ ಒಬ್ಬ ಗಿಡ ಬಲ್ಲವರು ಇಳಿಜಾರು ಸುತ್ತಿ, ಉಳಿಸಬೇಕಾದ ಹೈಪೆರಿಕಂ, ಕ್ರೊಟಲೇರಿಯಾ ಪೊದೆಗಳಿಗೆ ಬಣ್ಣದ ಬಟ್ಟೆ ಕಟ್ಟಬೇಕು. ಬಟ್ಟೆ ಇರುವ ಗಿಡಕ್ಕೆ ಕತ್ತಿ ಮುಟ್ಟಿಸಿದರೆ ಆ ದಿನದ ಬಿಲ್ ಪಾಸಾಗಬಾರದು. ಇದಕ್ಕೆ ತಗಲುವ ಖರ್ಚು ಒಂದಿಷ್ಟು ಬಟ್ಟೆ ಮತ್ತು ಕೆಲವು ದಿನದ ಕೂಲಿ.